ಪರಮಾಣುವಿಗೆ ಹತ್ತು ನಿಮಿಷ

ಇನ್ನೂರು ವರ್ಷ ಹಿಂದೆ ಇಂಗ್ಲೆಂಡಿನಲ್ಲಿದ್ದ ಒಬ್ಬ ಮೇಷ್ಟ್ರ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೂ ಪೂರ್ತಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಫೋನಿನ ಮೇಲೆ ಒಂದೇ ಬೆರಳಿನಲ್ಲಿ ಬರೆಯುತ್ತಿದ್ದೇನೆ. ಟೈಪ್ ಮಾಡುವುದು ಕಲಿತು ಇನ್ನೂ ಹೆಚ್ಚು ಕಾಲವಾಗಿಲ್ಲ. ನಾನು ಒಂದು ಪದ ಶುರು ಮಾಡುವಷ್ಟರಲ್ಲಿ ಈ ಫೋನು ತನಗೆ ಬೇಕಾದ ಪದವನ್ನು ಮುಂದೆ ತಂದಿಡುತ್ತದೆ. ನಮ್ಮ ಪಾರ್ಕಿನ ಹಿರಿಯರ ಗುಂಪಿನ ಅಧ್ಯಕ್ಷರ ಬುದ್ಧಿಯೇ ಇದಕ್ಕೂ ಬಂದಿದೆ.

ಆ ಮೇಷ್ಟ್ರು ನನಗೆ ಸಿಕ್ಕಿದ್ದು ಅವರೆಕಾಳಿನ ಕಾಲದಲ್ಲಿ. ಕಾಳು ನೆನೆಹಾಕಿ ಹಿತುಕುತ್ತಾ ಕೂತರೆ ಮಧ್ಯಾಹ್ನವೆಲ್ಲ ಹೋಗುತ್ತದೆ. ಕೈಗೆ ಕೆಲಸವಿದ್ದರೂ ತಲೆಗೆ ಇರುವುದಿಲ್ಲ. ಹಾಗಾಗಿ ಒಂಬತ್ತನೇ ಕ್ಲಾಸಿನ ಮೊಮ್ಮಗಳಿಗೆ, ನಿನ್ನ ಪಾಠ ಜೋರಾಗಿ ಓದು, ನನಗೂ ಕೇಳಲಿ ಎಂದಿದ್ದೆ. ಅವಳು ಇಂಗ್ಲಿಷಿನಲ್ಲಿ ಓದಿ, ನಾನು ಕೇಳಿದಾಗಲೆಲ್ಲ ಮುಖ ಸಿಂಡರಿಸಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದಳು. ವಿಜ್ಞಾನದ ಪುಸ್ತಕದಲ್ಲಿ ಪರಮಾಣುವಿನ ಪಾಠ ಬಂತು. ಅದರ ಪಕ್ಕದ ಚೌಕದಲ್ಲಿ ಈ ಮನುಷ್ಯನ ಚಿತ್ರವಿತ್ತು. ಕನ್ನಡಕ, ಬಿಗಿದ ತುಟಿ, ನಾಳೆ ಟೆಸ್ಟ್ ಇದೆ ಎಂದು ಹೇಳಲು ಬಂದವರ ಮುಖ.

ಹನ್ನೆರಡು ವರ್ಷಕ್ಕೇ ಊರ ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿದರಂತೆ. ಬಡ ನೇಕಾರರ ಮನೆಯವರು. ಬಣ್ಣಗಳು ಅವರ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಅಮ್ಮನಿಗೆಂದು ಮಾಸಲು ಬಣ್ಣದ ಕಾಲುಚೀಲ ಕೊಂಡು ತಂದರಂತೆ, ನೋಡಿದರೆ ಅದು ರಕ್ತಗೆಂಪು. ಅವರದೋ ಆಡಂಬರ ಕಂಡರೆ ಆಗದ ಮತದ ಮನೆತನ. ಆ ತಾಯಿಯ ಮುಖ ಹೇಗಾಗಿರಬೇಡ ಎಂದು ನಾನು ನಗುತ್ತಿದ್ದರೆ ಮೊಮ್ಮಗಳು, "ಅಜ್ಜಿ, ಅದು ಎಕ್ಸಾಮ್‌ಗೆ ಬರಲ್ಲ, ಮುಂದಕ್ಕೆ ಹೋಗೋಣ," ಎಂದಳು.

ಮುಂದಕ್ಕೆ ಹೋದ ಮೇಲೆ ಅವರೆಕಾಳು ಹಿತುಕುವುದು ನಿಂತಿತು. ಅವರು ಹೇಳಿದ್ದು ಇಷ್ಟು. ಯಾವ ವಸ್ತು ತೆಗೆದುಕೊಂಡರೂ ಅದು ಕಣ್ಣಿಗೆ ಕಾಣದ ಕಣಗಳಿಂದ ಆದದ್ದು. ಚಿನ್ನದ ಕಣಗಳೆಲ್ಲ ಒಂದೇ ತರಹ, ಗಂಧಕದ ಕಣಗಳೆಲ್ಲ ಇನ್ನೊಂದೇ ತರಹ. ಒಂದೊಂದು ಬಗೆಯ ಕಣಕ್ಕೂ ಅದರದೇ ತೂಕ. ಎರಡು ಬಗೆಯವು ಸೇರಿ ಹೊಸದಾಗುವಾಗ ಇಡಿಯಿಡಿಯಾಗಿ ಸೇರುತ್ತವೆ. ಒಂದಕ್ಕೆ ಒಂದು, ಇಲ್ಲವೇ ಒಂದಕ್ಕೆ ಎರಡು, ಹೀಗೆ. ಅರ್ಧ, ಕಾಲು ಎಂಬ ಮಾತಿಲ್ಲ. ಎಲ್ಲಕ್ಕಿಂತ ಹಗುರವಾದ ಜಲಜನಕವನ್ನು ಒಂದು ಎಂದಿಟ್ಟುಕೊಂಡು ಮಿಕ್ಕವು ಅದಕ್ಕಿಂತ ಎಷ್ಟು ಪಟ್ಟು ಭಾರ ಎಂದು ಪಟ್ಟಿ ಮಾಡಿದರು. ಒಂದು ಕಣವನ್ನೂ ಅವರು ಕಂಡಿರಲಿಲ್ಲ.

ಕಾಣದ್ದನ್ನು ತೂಗಿದ ಆ ಧೈರ್ಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ನನ್ನ ಅಂಕ ನಮ್ಮಣ್ಣನಿಗಿಂತ ಜಾಸ್ತಿ ಇತ್ತು. ಅವನನ್ನು ಕಾಲೇಜಿಗೂ ನನ್ನನ್ನು ಹೊಲಿಗೆ ಕ್ಲಾಸಿಗೂ ಹಾಕಿದರು. ಹೊಲಿಗೆಯೇನೋ ಚೆನ್ನಾಗಿ ಬಂತು. ಆದರೆ ಇಂಥದ್ದನ್ನು ಯಾರಿಗಾದರೂ ಹೇಳಬೇಕು ಎನಿಸಿದಾಗ ಕೇಳುವವರು ಮನೆಯಲ್ಲಿ ಇರುವುದಿಲ್ಲ. ಮಗ, ಸೊಸೆ ಇಬ್ಬರೂ ಮೀಟಿಂಗಿನಲ್ಲಿರುತ್ತಾರೆ. ಒಂದೇ ಮನೆ, ಎರಡು ಕೋಣೆ, ಎರಡು ಮೀಟಿಂಗು.

ಹೇಳಲು ಒಂದು ಜಾಗ ಇತ್ತು. ಆರ್‌ಪಿಸಿ ಲೇಔಟಿನ ನಮ್ಮ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಹಿರಿಯರೆಲ್ಲ ಸೇರುತ್ತೇವೆ. ಕೈಕಾಲು ಆಡಿಸಿ, ಬಲವಂತವಾಗಿ ನಕ್ಕು, ಆಮೇಲೆ ಒಬ್ಬರು ಹತ್ತು ನಿಮಿಷ ಮಾತಾಡಬೇಕು. ಮಾತಾಡುವವರು ಯಾವಾಗಲೂ ಗಂಡಸರು. ಪಿಂಚಣಿ, ವಿಲ್ ಬರೆಯುವುದು, ಕಾಶಿಗೆ ಹೋಗಿ ಬಂದದ್ದು, ಮಂಡಿ ಆಪರೇಷನ್. ಹೆಂಗಸರಿಗೆ ಮೊದಲು ಪ್ರಾರ್ಥನೆ, ಕೊನೆಗೆ ಉಪ್ಪಿಟ್ಟು. ಮಧ್ಯದ ಹತ್ತು ನಿಮಿಷ ನಮ್ಮದಲ್ಲ.

ನನ್ನ ಗೆಳತಿಯೊಬ್ಬಳು ಇದ್ದಾಳೆ, ಬಾಪೂಜಿ ನಗರದ ಕಡೆಯಿಂದ ನಡೆದುಕೊಂಡು ಬರುತ್ತಾಳೆ. ಆಸ್ಪತ್ರೆಯಲ್ಲಿ ನರ್ಸಾಗಿ ರಿಟೈರಾದವಳು. ಶುಗರ್ ಇರುವವರು ಕಾಲು ಹೇಗೆ ನೋಡಿಕೊಳ್ಳಬೇಕು ಎಂದು ಹೇಳುತ್ತೇನೆ, ಒಂದು ಅವಕಾಶ ಕೊಡಿ ಎಂದು ಕೇಳಿ ಕೇಳಿ ಸಾಕಾಗಿದ್ದಳು. ವಾರ್ಡಿನಲ್ಲಿ ಬೆರಳು ಕಳೆದುಕೊಂಡವರನ್ನು ಕಂಡವಳು ಅವಳು. ಪಾರ್ಕಿನಲ್ಲಿ ನಮ್ಮವರು ಬರಿಗಾಲಲ್ಲಿ ಕಲ್ಲಿನ ಮೇಲೆ ನಡೆದು ಆರೋಗ್ಯ ಎನ್ನುವುದನ್ನು ನೋಡಿ ಅವಳಿಗೆ ಸಂಕಟ. ಅಧ್ಯಕ್ಷರು ಪ್ರತಿ ಸಲವೂ, "ಆಮೇಲೆ ನೋಡೋಣ ಸಿಸ್ಟರ್," ಎನ್ನುತ್ತಿದ್ದರು. ಅವರು ರಿಟೈರಾದ ಇಂಜಿನಿಯರ್. ಒಳ್ಳೆಯವರೇ. ಆದರೆ ಎಲ್ಲರ ಮಾತನ್ನೂ ಅವರೇ ಮುಗಿಸುತ್ತಾರೆ.

ಒಂದು ದಿನ ನಾನೇ ಹೋಗಿ ನಿಂತೆ.

"ಸಾರ್, ಮುಂದಿನ ಭಾನುವಾರ ನಾನು ಮಾತಾಡ್ತೀನಿ."

"ಓ, ಸಂತೋಷ ಅಮ್ಮ. ಸಂಕ್ರಾಂತಿ ಹತ್ರ ಬಂತಲ್ಲ, ಹಬ್ಬದಡುಗೆ ಬಗ್ಗೆ ಹೇಳಿ."

"ಪರಮಾಣು ಬಗ್ಗೆ ಸಾರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬಾಂಬಾ?"

"ಬಾಂಬಲ್ಲ. ಅದಕ್ಕೂ ಎಷ್ಟೋ ಹಿಂದೆ ಒಬ್ಬ ಮೇಷ್ಟ್ರು ಇದ್ರು. ಅವರ ಬಗ್ಗೆ."

"ಅದೆಲ್ಲ ಹೆವಿ ಆಗುತ್ತೆ ಅಮ್ಮ, ಈ ವಯಸ್ಸಲ್ಲಿ."

"ಯಾರಿಗೆ ಸಾರ್? ನಿಮಗಾ ನನಗಾ?"

ಹಿಂದಿದ್ದ ಹೆಂಗಸರು ನಕ್ಕರು, ಆ ದಿನದ ಮೊದಲ ನಿಜವಾದ ನಗು. ಅಧ್ಯಕ್ಷರಿಗೆ ಒಪ್ಪದೆ ವಿಧಿಯಿರಲಿಲ್ಲ. ಒಪ್ಪುತ್ತಲೇ ಒಂದು ಷರತ್ತು ಹಾಕಿದರು.

"ಒಂದು ಸಲ ಮಾಡಿ ನೋಡೋಣ. ಚೆನ್ನಾಗಿ ಆಯ್ತು ಅಂದ್ರೆ ತಿಂಗಳಿಗೊಂದು ಭಾನುವಾರ ಲೇಡೀಸ್‌ಗೇ ಬಿಟ್ಟುಬಿಡೋಣ. ಇಲ್ಲಾಂದ್ರೆ ಇದ್ದ ಹಾಗೇ ಇರ್ಲಿ, ಏನಂತೀರಿ?"

ಗೆಳತಿ ಹಿಂದಿನಿಂದ ನನ್ನ ತೋಳು ಚಿವುಟಿದಳು. ಮನೆಗೆ ಹೋಗುವ ದಾರಿಯಲ್ಲಿ ಹೇಳಿದಳು. "ಅಕ್ಕ, ಕೆಡಿಸ್ಬೇಡಿ. ನನ್ನ ಕಾಲಿನ ಕತೆ ಈಗ ನಿಮ್ಮ ಕೈಲಿದೆ."

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಮಾತಾಡುವುದನ್ನು ಟೈಪ್ ಮಾಡಿಟ್ಟುಕೊಳ್ಳೋಣ ಎಂದು ಕೂತರೆ ಒತ್ತಕ್ಷರಗಳು ಅಡ್ಡ ಬಂದವು. ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುತ್ತದೆ ಎಂದು ಮೊಮ್ಮಗಳು ಮೈಕಿನ ಗುರುತು ತೋರಿಸಿಕೊಟ್ಟಳು. ಹೇಳಿದೆ. ನಡುವೆ ಸೊಸೆ ಕೋಣೆಯಿಂದ, "ಅತ್ತೆ, ಕುಕ್ಕರ್ ಆಫ್ ಮಾಡ್ತೀರಾ?" ಎಂದಳು. ಅದೂ ಭಾಷಣದೊಳಗೆ ಬಂತು. ಜಲಜನಕ ಎಲ್ಲಕ್ಕಿಂತ ಹಗುರ ಅತ್ತೆ ಕುಕ್ಕರ್ ಆಫ್ ಮಾಡ್ತೀರಾ. ಅಳಿಸಲು ಹೋಗಿ ಎಲ್ಲವನ್ನೂ ಅಳಿಸಿದೆ. ಮತ್ತೆ ಮೊದಲಿನಿಂದ.

ಇದರ ಮೇಲೆ ಅಧ್ಯಕ್ಷರ ಮೆಸೇಜುಗಳು. ಪರಮಾಣುವನ್ನು ನಮ್ಮ ಋಷಿಗಳೇ ಸಾವಿರಾರು ವರ್ಷ ಹಿಂದೆ ಹೇಳಿದ್ದಾರೆ, ಅಲ್ಲಿಂದ ಶುರು ಮಾಡಿ, ಅಲ್ಲಿಗೇ ಮುಗಿಸಿ. ಬೆಳಿಗ್ಗೆ ಒಂದು, ಸಂಜೆ ಒಂದು. ಕೊನೆಗೆ ಫೋನ್ ಮಾಡಿಯೇ ಬಿಟ್ಟೆ.

"ಸಾರ್, ಋಷಿಗಳು ಹೇಳಿದ್ದು ನಂಗೂ ಗೊತ್ತು. ದೊಡ್ಡ ಮಾತೇ ಅದು. ಆದ್ರೆ ಇವರು ತಕ್ಕಡಿ ತಂದ್ರು."

"ಯೋಚನೆ ಮೊದಲಲ್ವೇನಮ್ಮ?"

"ಮೊದಲೇ. ನಮ್ಮನೆ ಹೆಣ್ಣು ಲಕ್ಷಣವಾಗಿದಾಳೆ ಅನ್ನೋದು ಬೇರೆ, ರವಿಕೆಗೆ ಅಳತೆ ತಗೊಳೋದು ಬೇರೆ. ನಾನು ಅಳತೆ ತಗೊಂಡೋರ ಬಗ್ಗೆ ಹೇಳ್ತೀನಿ."

"ಸರಿ ಸರಿ. ಆದ್ರೂ ಒಂದು ಮಾತು ಸೇರಿಸಿ."

ಸೇರಿಸುತ್ತೇನೆ ಎಂದೆ, ಇಲ್ಲದಿದ್ದರೆ ಫೋನು ಇಡುವ ಹಾಗಿರಲಿಲ್ಲ.

ಕೇಳುವವರಿಗೆ ಇದೆಲ್ಲ ಹೇಗೆ ಹತ್ತಿರ ತರುವುದು ಎಂಬುದೇ ದೊಡ್ಡ ತಲೆನೋವಾಗಿತ್ತು. ಅಷ್ಟರಲ್ಲಿ ಎಳ್ಳು ಹುರಿಯುವ ಕಾಲ ಬಂತು. ಕೊಬ್ಬರಿ ಬೆಲ್ಲ ಹೆಚ್ಚುತ್ತಾ ಕೂತಿದ್ದಾಗ ಹೊಳೆಯಿತು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಐದೂ ಬೇರೆ ಬೇರೆ, ಲೆಕ್ಕವಾಗಿ ಅಳೆದು ಸೇರಿಸಿದರೆ ಹೊಸದೊಂದು. ಅಮ್ಮ ಕಲಿಸಿದ ಅಳತೆಯಿಂದ ನಾನು ಈವರೆಗೆ ಅಲುಗಿಲ್ಲ. ಮೇಷ್ಟ್ರು ಹೇಳಿದ ಬದಲಾಗದ ಪ್ರಮಾಣ ಇದೇ ಅಲ್ಲವೇ. ಪಾರ್ಕಿಗೆ ಎಳ್ಳುಬೆಲ್ಲ ಒಯ್ದು, ಎಲ್ಲರ ಕೈಗೂ ಒಂದೊಂದು ಚಮಚ ಹಾಕಿ, ಇದೇ ಸಂಯುಕ್ತ ವಸ್ತು, ಪುಸ್ತಕದ ಕಾಂಪೌಂಡು, ಎಂದುಬಿಡೋಣ. ಮೊಮ್ಮಗಳನ್ನು ಕೇಳಿದೆ. ಅವಳು ಕಿವಿಗೆ ವೈರು ಹಾಕಿಕೊಂಡು, "ಹೂಂ ಅಜ್ಜಿ, ಚೆನ್ನಾಗಿದೆ," ಎಂದಳು. ಏನು ಕೇಳಿಸಿತೋ ಅವಳಿಗೆ.

ಭಾನುವಾರ ಬಂತು. ಚಳಿಗೆ ಎಲ್ಲರೂ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಮೊಮ್ಮಗಳು ವಿಡಿಯೋ ಮಾಡಲು ಬಂದಿದ್ದಳು. ನಾನು ನಿಂತು, ಆ ಮೇಷ್ಟ್ರ ಬಾಲ್ಯ ಹೇಳಿದೆ, ಕಾಲುಚೀಲದ ಕತೆ ಹೇಳಿದೆ, ಜನ ನಕ್ಕರು. ದಿನವೂ ತಪ್ಪದೆ ಗಾಳಿ, ಮಳೆ, ಬಿಸಿಲು ಅಳೆದು ಬರೆದಿಡುತ್ತಿದ್ದರು, ಗಾಳಿಯ ಯೋಚನೆಯಿಂದಲೇ ಅವರಿಗೆ ಕಣಗಳ ಯೋಚನೆ ಬಂದದ್ದು ಎಂದೆ. ಎಲ್ಲರೂ ಕೇಳುತ್ತಿದ್ದರು. ಅಧ್ಯಕ್ಷರೂ ಕೇಳುತ್ತಿದ್ದರು. ಆಮೇಲೆ ಡಬ್ಬಿ ತೆಗೆದೆ.

"ಈಗ ನೋಡಿ, ಎಳ್ಳು ಬೆಲ್ಲ. ಎಳ್ಳು ಒಂದು ಪಾಲು, ಬೆಲ್ಲ ಒಂದು ಪಾಲು, ಕೊಬ್ಬರಿ ಒಂದು, ಕಡಲೆಬೀಜ ಒಂದು, ಹುರಿಗಡಲೆ ಎರಡು. ಈ ಪ್ರಮಾಣ ಯಾವತ್ತೂ ಬದಲಾಗಲ್ಲ. ಮೇಷ್ಟ್ರು ಹೇಳಿದ್ದೂ ಇದನ್ನೇ."

"ಹುರಿಗಡಲೆ ಎರಡಾ?" ಮುಂದಿನ ಸಾಲಿನ ಒಬ್ಬರು ಕೇಳಿದರು. "ಅಷ್ಟು ಹಾಕಿದ್ರೆ ಹಿಟ್ಟು ಹಿಟ್ಟು ಆಗಲ್ವಾ? ನಮ್ಮನೇಲಿ ಅರ್ಧ ಪಾಲು ಅಷ್ಟೇ."

"ನಮ್ಮತ್ತೆ ಕೊಬ್ಬರಿನೇ ಎರಡು ಹಾಕೋರು," ಇನ್ನೊಬ್ಬರು.

"ಎಳ್ಳು ಜಾಸ್ತಿ ಆದ್ರೆ ಕಹಿ ಕಣ್ರೀ."

"ಸರಿಯಾಗಿ ಹುರಿದ್ರೆ ಯಾಕ್ರೀ ಕಹಿ ಆಗುತ್ತೆ?"

ಹುಬ್ಬಳ್ಳಿ ಕಡೆಯಿಂದ ಮಗಳ ಮನೆಗೆ ಬಂದು ನೆಲೆಸಿರುವ ಒಬ್ಬಾಕೆ ಎದ್ದು ನಿಂತರು. "ನಮ್ಮ ಕಡೆ ಇದೆಲ್ಲಾ ಇಲ್ರೀ. ನಾವು ಕುಸುರೆಳ್ಳು ಮಾಡತೀವಿ. ಎಳ್ಳಿಗೆ ಸಕ್ಕರಿ ಪಾಕ ಹಾಕಿ ಹಾಕಿ ಮುಳ್ಳು ಬರಸೋದು. ಕಡ್ಲಿ ಪಡ್ಲಿ ಏನೂ ಹಾಕಂಗಿಲ್ಲ."

"ಅಯ್ಯೋ, ಬೆಲ್ಲಾನೇ ಇಲ್ಲದೆ ಎಂಥ ಸಂಕ್ರಾಂತಿ?"

"ನಿಮ್ಮ ಸಂಕ್ರಾಂತಿ ನಿಮಗ, ನಮ್ಮದು ನಮಗ. ನಾವೇನು ಕಡಿಮಿ ಅದೀವೇನ್ರೀ?"

ನನ್ನ ಹತ್ತು ನಿಮಿಷ ಹುರಿಗಡಲೆಗೆ ಹೋಗುತ್ತಿತ್ತು. ನಾನು ಕೈ ಎತ್ತಿದರೂ ಯಾರೂ ನೋಡಲಿಲ್ಲ. ಗಂಡಸರೂ ಸೇರಿಕೊಂಡರು. ಅಡುಗೆಮನೆಗೆ ಕಾಲಿಡದವರೂ ತಮ್ಮ ತಾಯಿಯ ಅಳತೆಯೇ ಸರಿ ಎಂದು ಸಾಧಿಸುತ್ತಿದ್ದರು. ಆಗ ಅಧ್ಯಕ್ಷರು ಎದ್ದರು. ಮುಖದಲ್ಲಿ ಸಂತೋಷ.

"ಅಮ್ಮ, ಇಲ್ಲೇ ಗೊತ್ತಾಯ್ತಲ್ಲ. ಒಂದೊಂದು ಮನೆಗೆ ಒಂದೊಂದು ಪ್ರಮಾಣ. ನಿಮ್ಮ ಮೇಷ್ಟ್ರ ಮಾತು ಇಲ್ಲೇ ಬಿದ್ದುಹೋಯ್ತು."

ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಹಿಡಿದಿದ್ದ ಮೊಮ್ಮಗಳು ಅಲ್ಲಿಂದಲೇ, "ಅಜ್ಜಿ, ಎಳ್ಳುಬೆಲ್ಲ ಕಾಂಪೌಂಡ್ ಅಲ್ಲ ಕಣಜ್ಜಿ. ಅದು ಬರೀ ಮಿಶ್ರಣ. ಎಳ್ಳು ಎಳ್ಳಾಗೇ ಇರುತ್ತಲ್ಲ, ಆರಿಸಿ ತೆಗೀಬಹುದು," ಎಂದಳು.

"ಇದನ್ನ ಮನೇಲಿ ಹೇಳೋಕೆ ಏನಾಗಿತ್ತೇ ನಿಂಗೆ?"

"ನೀನು ಕೇಳಿದ್ದು ರುಚಿ ಹೇಗಿದೆ ಅಂತ ಅಂದ್ಕೊಂಡೆ."

ಗೆಳತಿಯ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿ ಕೂತಿದ್ದಳು. ಅವಳ ಭಾನುವಾರ ನನ್ನ ಡಬ್ಬಿಯೊಳಗೆ ಮುಳುಗುತ್ತಿತ್ತು.

ಆದರೂ ಹುಡುಗಿ ಹೇಳಿದ್ದು ನನ್ನೊಳಗೆ ಏನನ್ನೋ ಸರಿ ಮಾಡಿತು. ನನ್ನ ಸಿಟ್ಟಿಗೆ ದನಿ ಸ್ವಲ್ಪ ಜೋರಾಗೇ ಬಂತು. "ಮೇಷ್ಟ್ರು ಬಿದ್ದಿಲ್ಲ ಸಾರ್, ಬಿದ್ದಿದ್ದು ನಾನು. ಎಳ್ಳುಬೆಲ್ಲ ಮನೆಮನೆಗೂ ಬೇರೆ, ಯಾಕಂದ್ರೆ ಅದು ಬರೀ ಬೆರೆಸಿದ್ದು. ನಿಜವಾಗಿ ಸೇರಿ ಒಂದಾಗಿದ್ದು ಹಾಗಲ್ಲ. ನೀರು ಎಲ್ಲರ ಮನೇಲೂ ಒಂದೇ."

"ಕಾವೇರಿ ನೀರೇ ಬೇರೆ, ಬೋರ್ ನೀರೇ ಬೇರೆ," ಎಂದರು ಅಧ್ಯಕ್ಷರು.

"ಬೋರ್ ನೀರಲ್ಲಿರೋ ಸುಣ್ಣ ಉಪ್ಪು ಬೇರೆ ಸಾರ್. ನೀರು ನೀರೇ."

ಡಬ್ಬಿಯ ತಳದಲ್ಲಿ ಸಕ್ಕರೆ ಅಚ್ಚುಗಳಿದ್ದವು. ಗಿಳಿ, ನವಿಲು, ಮಂಟಪ. ಒಂದು ಗಿಳಿ ಎತ್ತಿ ಹಿಡಿದೆ. "ಎಳ್ಳು ಬೀರುವಾಗ ಒಬ್ಬರಿಗೆ ಒಂದು ಅಚ್ಚು ಕೊಡ್ತೀವಿ, ಬೇಕಾದವರಿಗೆ ಎರಡು ಕೊಡ್ತೀವಿ. ಒಂದೂವರೆ ಗಿಳಿ ಯಾರಾದ್ರೂ ಕೊಟ್ಟಿದೀರಾ? ಮೇಷ್ಟ್ರು ಹೇಳಿದ್ದು ಅದೇ. ಇದ್ದಲಿನ ಒಂದು ಕಣಕ್ಕೆ ಆಮ್ಲಜನಕದ ಒಂದು ಕಣ ಸೇರಿದ್ರೆ, ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಗ್ಯಾಸ್ ಗೀಸರ್ ಉರಿಸಿದಾಗ ಜೀವ ತೆಗೆಯುತ್ತಲ್ಲ, ಆ ವಿಷ. ಅದೇ ಇದ್ದಲಿಗೆ ಎರಡು ಸೇರಿದ್ರೆ ನೀವು ಕುಡಿಯೋ ಸೋಡಾದೊಳಗಿನ ಗುಳ್ಳೆ. ವಸ್ತು ಅವೇ. ಒಂದಾ ಎರಡಾ ಅನ್ನೋದಷ್ಟೇ ವ್ಯತ್ಯಾಸ."

ಗಲಾಟೆ ನಿಂತಿತು. ಹುಬ್ಬಳ್ಳಿಯಾಕೆ, "ಅಂದ್ರ ಕಿಟಕಿ ತೆಗದಿಡಬೇಕೇನ್ರೀ ಬಚ್ಚಲದಾಗ?" ಎಂದರು. ತೆಗೆದಿಡಬೇಕು ಎಂದು ನಾನೂ ಗೆಳತಿಯೂ ಒಟ್ಟಿಗೇ ಹೇಳಿದೆವು. ನಾನು ಉಸಿರು ತೆಗೆದುಕೊಂಡು ಮುಂದಿನ ಮಾತಿಗೆ ಬಾಯಿ ತೆರೆದೆ. ಅಧ್ಯಕ್ಷರು ಗಡಿಯಾರ ನೋಡಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಶುರುವಾದ ಮೇಲೆ ಯಾರು ನಿಲ್ಲಿಸುತ್ತಾರೆ. ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಜನ ಎದ್ದರು.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಅಲ್ಲಿಂದ ಮುಂದೆ ಇತ್ತು. ಆ ಮೇಷ್ಟ್ರು ಸಹ ತಪ್ಪಿದ್ದರು. ನೀರಿನಲ್ಲಿ ಜಲಜನಕ ಒಂದು, ಆಮ್ಲಜನಕ ಒಂದು ಎಂದು ಎಣಿಸಿದ್ದರು. ಜಲಜನಕ ಎರಡು ಎಂದು ಆಮೇಲಿನವರು ತಿದ್ದಿದರು. ಕಣವನ್ನು ಒಡೆಯಲು ಆಗುವುದಿಲ್ಲ ಎಂದಿದ್ದರು. ಅದೂ ಒಡೆಯಿತು. ಆದರೆ ಅವರು ಅಂದಾಜಿನಲ್ಲಿ ಬಿಡದೆ ಲೆಕ್ಕ ಇಟ್ಟು ಹೇಳಿದ್ದರು. ಹಾಗಾಗಿ ತಪ್ಪು ಎಲ್ಲಿದೆ ಎಂದು ಬೇರೆಯವರಿಗೆ ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ತಪ್ಪನ್ನೂ ಅಷ್ಟು ನೇರವಾಗಿ ಹೇಳಿದವರು ನನಗೆ ಇಷ್ಟ. ಈ ಒಂದು ಮಾತಿಗಾಗಿ ನಾನು ಅಷ್ಟು ದಿನ ಒದ್ದಾಡಿದ್ದೆ. ಅದು ಬಾಯಲ್ಲೇ ಉಳಿಯಿತು, ಅದರ ಮೇಲೆ ಉಪ್ಪಿಟ್ಟು ತಿಂದೆ.

ಸಂಜೆ ಪಾರ್ಕಿನವರ ವಾಟ್ಸಾಪ್ ಗುಂಪಿನಲ್ಲಿ ಅಧ್ಯಕ್ಷರ ವರದಿ ಬಂತು. ಇಂದು ನಮ್ಮ ಹಿರಿಯ ಸದಸ್ಯೆಯೊಬ್ಬರು ಸಂಕ್ರಾಂತಿಯ ಎಳ್ಳುಬೆಲ್ಲದ ಮಹತ್ವದ ಕುರಿತು ಸೊಗಸಾಗಿ ಮಾತನಾಡಿದರು, ಸದಸ್ಯರೆಲ್ಲ ಚರ್ಚೆಯಲ್ಲಿ ಉತ್ಸಾಹದಿಂದ ಭಾಗವಹಿಸಿದರು, ಇಷ್ಟು ಹೊತ್ತು ಜನ ಕೂತದ್ದು ಇದೇ ಮೊದಲು. ಆದ್ದರಿಂದ ಇನ್ನು ತಿಂಗಳ ಕೊನೆಯ ಭಾನುವಾರ ಮಹಿಳೆಯರಿಗೆ ಮೀಸಲು. ವಿಷಯ, ಹಬ್ಬ ಮತ್ತು ಅಡುಗೆ.

ಮೈಯೆಲ್ಲ ಉರಿಯಿತು. ಪರಮಾಣು ಎಂಬ ಪದವೇ ಅದರಲ್ಲಿರಲಿಲ್ಲ. ಕೂತು ಉತ್ತರ ಟೈಪ್ ಮಾಡತೊಡಗಿದೆ. ನಾನು ಮಾತಾಡಿದ್ದು ಎಳ್ಳಿನ ಬಗ್ಗೆ ಅಲ್ಲ, ಎಂಬಲ್ಲಿಗೆ ಬರುವಷ್ಟರಲ್ಲಿ ಹಾಲು ಉಕ್ಕಿತು. ಒಲೆ ಒರೆಸಿ ಬಂದು ಮತ್ತೆ ಶುರು ಮಾಡಿದಾಗ ಗೆಳತಿಯ ಫೋನು.

"ಅಕ್ಕ, ಏನಾದ್ರೂ ಕಳಿಸ್ತಾ ಇದೀರಾ?"

"ಕಳಿಸ್ದೆ ಬಿಡ್ತೀನಾ? ಎಳ್ಳಿನ ಮಹತ್ವ ಅಂತೆ. ನನ್ನ ಮೇಷ್ಟ್ರು ಎಲ್ಲಿ ಹೋದ್ರು?"

"ಕಳಿಸ್ಬೇಡಿ."

"ಯಾಕೆ?"

"ಭಾನುವಾರ ಸಿಕ್ತಲ್ಲ. ನೀವು ಈಗ ಜಗಳ ತೆಗೆದ್ರೆ ಅದನ್ನೂ ವಾಪಸ್ ತಗೋತಾರೆ. ಅವರು ಗ್ರೂಪಲ್ಲಿ ಏನಾದ್ರೂ ಬರ್ಕೊಳ್ಲಿ."

"ಹಬ್ಬ ಮತ್ತು ಅಡುಗೆ ಅಂದಿದಾರೆ ಕಣೇ. ನಿನ್ನ ಶುಗರ್ ಕಾಲು ಅದ್ರಲ್ಲಿ ಹೇಗೆ ತುರುಕ್ತೀಯ?"

"ಅದು ನಂಗೆ ಬಿಡಿ."

ನಾನು ಸುಲಭವಾಗಿ ಬಿಡಲಿಲ್ಲ. ಹೆಸರು ಬಿಟ್ಟುಕೊಟ್ಟರೆ ಎಲ್ಲವನ್ನೂ ಬಿಟ್ಟುಕೊಟ್ಟಂತೆ ಎಂದೆ. ಅವಳು, ಹೆಸರು ಹಿಡಿದುಕೊಂಡು ಕೂತರೆ ಆ ಹೊತ್ತಿಗೆ ಇನ್ನೊಬ್ಬರ ಬೆರಳು ಹೋಗಿರುತ್ತದೆ ಎಂದಳು. ಟೈಪ್ ಮಾಡಿದ್ದನ್ನು ಅಳಿಸಿದೆ. ಅಳಿಸುವುದು ಮಾತ್ರ ನನಗೆ ಬೇಗ ಬರುತ್ತದೆ.

ತಿಂಗಳ ಕೊನೆಯ ಭಾನುವಾರ ಅವಳು ಎದ್ದು ನಿಂತಳು. ಅಧ್ಯಕ್ಷರು ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, ಹೋಳಿಗೆಯೋ ಕಡುಬೋ ಬರುತ್ತದೆ ಎಂದು ಕಾಯುತ್ತಿದ್ದರು.

"ಎಲ್ಲರಿಗೂ ನಮಸ್ಕಾರ," ಎಂದಳು ಗೆಳತಿ. "ಇವತ್ತಿನ ವಿಷಯ ಹಬ್ಬ ಮತ್ತು ಅಡುಗೆ. ಹಬ್ಬದಲ್ಲಿ ಶುಗರ್ ಇದ್ದೂ ಸಿಹಿ ತಿಂದೋರು ಕೈ ಎತ್ತಿ."

ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಒಂದು ಕೈ, ಇನ್ನೊಂದು, ಪಕ್ಕದವರು ಎತ್ತಿಸಿದ ಮತ್ತಷ್ಟು. ಅಧ್ಯಕ್ಷರ ಕೈ ಅವರ ಹೆಂಡತಿಯೇ ಹಿಡಿದು ಎತ್ತಿದರು.

"ಸರಿ. ಕೈ ಎತ್ತಿದೋರೆಲ್ಲ ಶೂ, ಚಪ್ಪಲಿ, ಸಾಕ್ಸ್ ಬಿಚ್ಚಿ. ಸಾರ್, ನಿಮ್ಮಿಂದಲೇ ಶುರು ಮಾಡೋಣ."

ಅವರು ಏನೋ ಹೇಳಲು ಹೋದರು. ಅಷ್ಟರಲ್ಲಿ ಅವಳು ಅವರೆದುರು ಹುಲ್ಲಿನ ಮೇಲೆ ಕೂತಾಗಿತ್ತು. ಬೇರೆ ದಾರಿಯಿಲ್ಲದೆ ಅಧ್ಯಕ್ಷರು ಬಗ್ಗಿ ಶೂ ದಾರ ಬಿಚ್ಚತೊಡಗಿದರು.